ಬೆಂಕಿ ಹಲ್ಲಿಗೆ ಎರಡು ಏಟು

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದೆಂದರೆ ನನಗೆ ಬ್ಲೌಸಿನ ಅಳತೆ ಬರೆದಿಟ್ಟುಕೊಳ್ಳುವುದು, ಅಷ್ಟೇ. ಆದರೂ ಒಂದು ತಪ್ಪನ್ನು ಕಾಗದದ ಮೇಲೆ ಇಳಿಸಬೇಕೆನಿಸಿದೆ. ನಾನು ಕೊಂದದ್ದು ಒಂದು ಹಲ್ಲಿಯನ್ನು, ಅದೂ ಕಂಪ್ಯೂಟರಿನೊಳಗಿನದನ್ನು. ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ. ಮರುದಿನ ನನ್ನ ತಮ್ಮನ ಮುಖ ನೋಡಿದವಳು ನಾನು, ಅವರಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾವು ದಾಂಡೇಲಿಯ ಒಂದು ಸಾಲುಮನೆಯಲ್ಲಿದ್ದೆವು. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಗಿರಣಿಗೆ ಸೇರಿದವನು. ಹೊರಗಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಒಳಗಿನ ಕೋಣೆಯಲ್ಲಿ ಅವ್ವನ ಒಲೆ ಮತ್ತು ಎಲ್ಲರ ಹಾಸಿಗೆ. ನನಗೆ ಇಪ್ಪತ್ತಾರು, ತಮ್ಮನಿಗೆ ಹತ್ತೊಂಬತ್ತು.

ಆ ಶ್ರಾವಣದಲ್ಲಿ ತಮ್ಮ ತನ್ನ ಗೆಳೆಯನ ಜೊತೆ ಒಂದೇ ಸೈಕಲ್ಲಿನಲ್ಲಿ ತೇರಗಾಂವಕ್ಕೆ ಹೋಗಿದ್ದ. ಗೆಳೆಯನ ಅತ್ತೆಯ ಹೊಲದಲ್ಲಿ ಗೋವಿನಜೋಳದ ತೆನೆ ಸುಟ್ಟು ತಿನ್ನುವುದು, ಇನ್ನೊಂದು ಚೀಲ ಮನೆಗೆ ತರುವುದು, ಇದು ಯೋಜನೆ. ಬರುವಾಗ ಇಳಿಜಾರಿನಲ್ಲಿ ಒಂದು ಎಮ್ಮೆ ರಸ್ತೆ ದಾಟಲು ಶುರುಮಾಡಿ ನಡುವೆ ಮನಸ್ಸು ಬದಲಿಸಿತು. ತಮ್ಮನ ಬಲಗಾಲು ಮುರಿಯಿತು. ಗೆಳೆಯ ಅವನನ್ನು ಬೆನ್ನ ಮೇಲೆ ಹೊತ್ತು ದೊಡ್ಡ ರಸ್ತೆಯವರೆಗೆ ನಡೆದು ಲಾರಿ ನಿಲ್ಲಿಸಿದ. ತೆನೆಯ ಚೀಲವನ್ನೂ ಬಿಟ್ಟಿರಲಿಲ್ಲ, ಕೊರಳಿಗೆ ಹಾಕಿಕೊಂಡಿದ್ದ. ಆಸ್ಪತ್ರೆಯಲ್ಲಿ ಅವ್ವ ಅಳುತ್ತ ಒಂದು ಕೈಯಲ್ಲಿ ಮಗನ ತಲೆ ಸವರಿದಳು, ಇನ್ನೊಂದು ಕೈಯಲ್ಲಿ ಆ ಚೀಲ ಇಸಿದುಕೊಂಡಳು.

ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ದೀಪಾವಳಿ ದಾಟುವ ತನಕ ಅಲುಗಾಡಬೇಡ ಎಂದರು. ಅಂಬಿಕಾನಗರದ ಕಾಲೊನಿಯಲ್ಲಿದ್ದ ನಮ್ಮ ಮಾವ ನೋಡಲು ಬಂದವನು ಹಣ್ಣಿನ ಬದಲು ತನ್ನ ಹಳೆಯ ಕಂಪ್ಯೂಟರ್ ತಂದ. ಅದನ್ನು ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟರು. ಬೇರೆ ಜಾಗವಿರಲಿಲ್ಲ. ಅದರೊಳಗೆ ಒಂದು ಆಟವಿತ್ತು. ಹೀಗೆ ನಾನು ಮೂರು ತಿಂಗಳು, ಬೇಕೋ ಬೇಡವೋ, ಒಂದು ಕಣ್ಣಲ್ಲಿ ಸೂಜಿ ನೋಡುತ್ತ ಇನ್ನೊಂದು ಕಣ್ಣಲ್ಲಿ ಆ ಆಟ ನೋಡಿದೆ.

ಆಟದಲ್ಲಿ ಒಬ್ಬ ವೀರ. ಅವನು ಹರಕು ಅಂಗಿ ತೊಟ್ಟು, ತುಕ್ಕು ತಿಂದು ಜಂಗು ಹಿಡಿದ ಒಂದು ಖಡ್ಗ ತೆಗೆದುಕೊಂಡು ಊರಿನಿಂದ ಹೊರಡುತ್ತಾನೆ. ಎಲ್ಲೋ ದೂರದ ಗುಹೆಯಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಇದೆ, ಅದನ್ನು ಕೊಲ್ಲಬೇಕು. ಅವ್ವ ಅದನ್ನು ಮೊದಲ ದಿನವೇ ಬೆಂಕಿ ಹಲ್ಲಿ ಎಂದು ಕರೆದಳು, ಕೊನೆಗೆ ತಮ್ಮನೂ ಹಾಗೇ ಕರೆಯತೊಡಗಿದ.

ಆದರೆ ನನಗೆ ಆಶ್ಚರ್ಯವಾದದ್ದು ಹಲ್ಲಿಯಲ್ಲ, ದಾರಿಯಲ್ಲಿ ಸಿಗುವ ಸಾಮಾನು. ಜೋಯಿಡಾದ ಕಾಡಿನಲ್ಲಿ ಹಂದಿ ಹೊಡೆದರೆ ಪೊದೆಯಿಂದ ಹೊರಬರುವವನು ಫಾರೆಸ್ಟ್ ಗಾರ್ಡ್. ಈ ಆಟದಲ್ಲಿ ಹಂದಿ ಹೊಡೆದರೆ ಬರುವುದು ಬೆಳ್ಳಿಯ ಢಾಲು. ಮಡಕೆ ಒಡೆದರೆ ಉಂಗುರ. ರಸ್ತೆ ಬದಿಯಲ್ಲಿ ಪೆಟ್ಟಿಗೆ, ಅದಕ್ಕೆ ಬೀಗವೂ ಇಲ್ಲ, ತೆರೆದರೆ ಮಿರಿಮಿರಿ ಮಿಂಚುವ ಶಿರಸ್ತ್ರಾಣ. ಒಂದು ಇಲಿ ಸತ್ತರೆ ಅದರ ಹೊಟ್ಟೆಯಿಂದ ಬೂಟು, ಅದೂ ಜೋಡಿ, ಅದೂ ವೀರನ ಕಾಲಿಗೆ ಸರಿಯಾದ ಅಳತೆಯದು. ಉಳಿದದ್ದನ್ನು ನಂಬಬಹುದು, ಅಳತೆಯನ್ನು ಮಾತ್ರ ನನಗೆ ನಂಬಲಾಗಲಿಲ್ಲ. ಎದುರು ನಿಲ್ಲಿಸಿ ಟೇಪು ಹಿಡಿದು ಹೊಲಿದ ಬ್ಲೌಸೇ ತೋಳಿನಲ್ಲಿ ಬಿಗಿಯಾಯಿತೆಂದು ವಾಪಸು ಬರುತ್ತದೆ. ಇಲ್ಲಿ ಸತ್ತ ರಾಕ್ಷಸನ ಕವಚ ಎತ್ತಿ ತೊಟ್ಟರೆ ಸೊಂಟದಲ್ಲಿ ಒಂದು ನೆರಿಗೆಯೂ ಇಲ್ಲ.

"ಇಷ್ಟ ಸಸಾರ ಸಿಕ್ಕರ ಅದರಾಗ ಏನ್ ಮಜಾ?" ಎಂದು ನಾನೇ ಒಮ್ಮೆ ಕೇಳಿದೆ.

"ಅದಕ್ಕ ನಾ ತಗೊಳ್ಳೂದಿಲ್ಲ," ಎಂದ ತಮ್ಮ.

ಹೌದು, ಅವನು ತೆಗೆದುಕೊಳ್ಳುತ್ತಿರಲಿಲ್ಲ. ಢಾಲು, ಕವಚ, ಉಂಗುರ, ಎಲ್ಲವನ್ನೂ ಅಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದ. ಊರಿನಿಂದ ತಂದ ಜಂಗು ಖಡ್ಗದಲ್ಲೇ ಹಲ್ಲಿಯನ್ನು ಕೊಲ್ಲುತ್ತೇನೆಂದು ಪಣ ತೊಟ್ಟಿದ್ದ. ಕಾಲು ಮುರಿದು ಬಿದ್ದವನಿಗೆ ಒಂದು ಹಟ ಬೇಕಿತ್ತೋ ಏನೋ. ಹಟ ಇದ್ದ ದಿನ ಅವನು ಚೆನ್ನಾಗಿ ಉಣ್ಣುತ್ತಿದ್ದ, ಕಾಲು ನೋವೆಂದು ಹೇಳುತ್ತಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ನನಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಅವ್ವನಿಗೆ ಮಾತ್ರ ಇದು ಸಹನೆಯಾಗುತ್ತಿರಲಿಲ್ಲ. ಸೊಪ್ಪು ಸೋಸುತ್ತ ಪರದೆ ನೋಡುತ್ತಿದ್ದವಳು ಕೂಗುತ್ತಿದ್ದಳು, "ಏ, ಅಲ್ಲೊಂದು ಕಬ್ಬಿಣದ ಬುಟ್ಟಿ ಬಿಟ್ಟ್ಯಲ್ಲೋ! ಎತ್ತಿಕೋ, ಪುಕ್ಕಟ ಐತಿ!"

"ಅದು ಬುಟ್ಟಿ ಅಲ್ಲಬೇ, ಟೊಪ್ಪಿಗಿ."

"ಟೊಪ್ಪಿಗಿ ಆದ್ರೇನು, ನೀರ ತುಂಬಾಕ ಬರ್ತೈತಿ!"

ದಿನಾ ಸಂಜೆ ಬರುತ್ತಿದ್ದ ಗೆಳೆಯನೂ ಅವ್ವನ ಪಕ್ಷ. ಹಳಿಯಾಳದ ಒಂದು ಕಂಪ್ಯೂಟರ್ ಅಂಗಡಿಯಿಂದ ಅವನೊಂದು ಚೀಟಿ ಬರೆಸಿಕೊಂಡು ಬಂದ. ಕೀಲಿಮಣೆಯ ಮೂಲೆಯ ಒಂದು ಕೀಲಿ ಒತ್ತಿ, ಚೀಟಿಯಲ್ಲಿದ್ದ ಇಂಗ್ಲಿಷ್ ಅಕ್ಷರ ಹೊಡೆದರೆ ಆಟದಲ್ಲಿದ್ದ ಅತಿ ಶ್ರೇಷ್ಠ ಆಯುಧಗಳೆಲ್ಲ ಒಮ್ಮೆಗೇ ವೀರನ ಚೀಲಕ್ಕೆ ಬಂದು ಬೀಳುತ್ತವಂತೆ. ಇಲಿಯನ್ನೂ ಕೊಲ್ಲಬೇಕಿಲ್ಲ. ತಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಕುಲುಕುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟ. ಮೇಜು ಕುಲುಕುವುದು ನಿಂತಿತು.

"ನಿನ್ನ ಚೀಟಿ ಭಾಳ ಉಪಯೋಗ ಬಿತ್ತು ನೋಡಲೇ," ಎಂದು ಗೆಳೆಯನನ್ನು ನಗಿಸಿದ.

ಮಹಾನವಮಿ ಬಂತು. ನಮ್ಮ ಕಡೆ ಅಂದು ಖಂಡೇಪೂಜೆ. ಮನೆಯಲ್ಲಿ ಅನ್ನ ಕೊಡುವ ಹತಾರಗಳನ್ನೆಲ್ಲ ತಿಕ್ಕಿ ತೊಳೆದು, ದೇವರ ಮುಂದೆ ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಪೂಜೆಗೆ ಕೂತ ಹತಾರವನ್ನು ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ, ಅವಕ್ಕೂ ಒಂದು ದಿನ ವಿಶ್ರಾಂತಿ. ಅಪ್ಪನ ನಟ್ಟು ತಿರುಗಿಸುವ ಪಾನಾ, ಅವ್ವನ ಈಳಿಗೆ, ನನ್ನ ಕತ್ತರಿ, ಎಲ್ಲವನ್ನೂ ಹುಣಸೇಹಣ್ಣು ಬೂದಿ ಹಾಕಿ ತಿಕ್ಕಿದೆವು. ಜಂಗು ಹಿಡಿದ ಕಬ್ಬಿಣ ಪೂಜೆಗೆ ಕೂಡ್ರಬಾರದೆಂಬುದು ಅವ್ವನ ಕಟ್ಟುನಿಟ್ಟು. ಹೊಲಿಗೆ ಯಂತ್ರ ಮತ್ತು ಕಂಪ್ಯೂಟರ್ ಇದ್ದಲ್ಲೇ ಪೂಜೆಗೆ ಸಿದ್ಧವಾದವು.

ತಮ್ಮನಿಗೆ ತಮಾಷೆ ಬೇಕಿತ್ತು. "ನನ್ನ ವೀರನ ಖಡ್ಗಕ್ಕೂ ಪೂಜಿ ಆಗ್ಬೇಕು," ಎಂದು ಆಟ ಚಾಲೂ ಮಾಡಿ, ಹಲ್ಲಿಯ ಗುಹೆಯ ಬಾಗಿಲಲ್ಲಿ ವೀರನನ್ನು ನಿಲ್ಲಿಸಿದ. ಆ ಬಾಗಿಲವರೆಗೆ ಬರಲು ಅವನಿಗೆ ಆರು ವಾರ ಹಿಡಿದಿತ್ತು. ಒಳಗೆ ಹೋಗಿ ಹತ್ತಾರು ಸಲ ಸತ್ತಿದ್ದ.

ಅವ್ವ ಪರದೆಯ ಹತ್ತಿರ ಬಗ್ಗಿ ನೋಡಿದಳು. "ಇದೇನೋ ಇದು, ಜಂಗ ಹಿಡದೈತಿ. ಇದನ್ನ ಹೆಂಗ ಪೂಜಿ ಮಾಡೂದು?"

"ಆಟದ ಜಂಗ ಅದು ಯವ್ವಾ, ಹೋಗೂದಿಲ್ಲ."

"ತಿಕ್ಕಿದ್ರ ಯಾಕ ಹೋಗೂದಿಲ್ಲ?" ಎಂದು ಅವ್ವ ನಿಜವಾಗಿಯೂ ಹುಣಸೇಹುಳಿಯ ಬಟ್ಟೆಯಿಂದ ಪರದೆ ಒರೆಸಿಬಿಟ್ಟಳು. ಗಾಜು ಲಕಲಕ ಆಯಿತು. ಜಂಗು ಹಾಗೇ ಇತ್ತು, ಇನ್ನೂ ಸ್ಪಷ್ಟವಾಗಿ ಕಂಡಿತು. ಕೊನೆಗೆ ಗೊಣಗುತ್ತ ಅದರ ಮೇಲೆ ಕುಂಕುಮದ ಬೊಟ್ಟಿಟ್ಟಳು. "ಇದ್ದ ಒಬ್ಬ ಮಗನ ಹತಾರ ಜಂಗಿಂದು. ದೇವ್ರು ಏನ್ ಅನಕೊಂಡಾನು?"

ಆ ಮಾತು ನನ್ನ ತಲೆಯಲ್ಲಿ ಕೂತಿತು.

ಮಧ್ಯಾಹ್ನ ಹೋಳಿಗೆ ಊಟ. ಹೋಳಿಗೆ ಉಂಡ ಮೇಲೆ ನಮ್ಮ ಸಾಲಿನಲ್ಲಿ ನಾಯಿಯೂ ಎದ್ದಿರುವುದಿಲ್ಲ. ಅಪ್ಪ, ಅವ್ವ, ತಮ್ಮ ಮೂವರೂ ಒಳಗೆ ಗೊರಕೆ. ನನಗೆ ಮಾತ್ರ ಹಗಲು ನಿದ್ದೆ ಬರುವುದಿಲ್ಲ, ಕೈಗೆ ಹೊಲಿಗೆಯೂ ಇಲ್ಲ. ಹೊರಗಿನ ಕೋಣೆಯಲ್ಲಿ ಕೂತು ನೋಡಿದರೆ ಪರದೆ ಕಪ್ಪಾಗಿ ಕುಂಕುಮದ ಬೊಟ್ಟು ಮಾತ್ರ ಗಾಳಿಯಲ್ಲಿ ನಿಂತಂತಿತ್ತು. ಮೌಸ್ ಸ್ವಲ್ಪ ಸರಿಸಿದೆ. ವೀರ ಎದ್ದು ಬಂದ, ಜಂಗು ಖಡ್ಗದ ಸಮೇತ.

ನನ್ನ ಎಣಿಕೆ ಇಷ್ಟೇ ಇತ್ತು: ಒಂದು ದಿನದ ಮಟ್ಟಿಗೆ ಅವನ ಕೈಗೆ ಒಳ್ಳೆಯ ಖಡ್ಗ ಕೊಡುವುದು, ದೇವರ ಮುಂದೆ ಮರ್ಯಾದೆ ಉಳಿಸುವುದು, ನಾಳೆ ಬೆಳಿಗ್ಗೆ ತಮ್ಮ ಏಳುವ ಮೊದಲು ಬದಲಿಸಿಬಿಡುವುದು. ಹಬ್ಬಕ್ಕೆ ಪಕ್ಕದ ಮನೆಯವರ ಸರ ಇಸಿದುಕೊಂಡು ಹಾಕಿಕೊಳ್ಳುವುದಿಲ್ಲವೇ, ಹಾಗೆ.

ಮೇಜಿನ ಕಾಲು ಎತ್ತಿ ಚೀಟಿ ತೆಗೆದೆ. ನನಗೆ ಇಂಗ್ಲಿಷ್ ಮಾತು ಗೊತ್ತಿಲ್ಲ, ಅಕ್ಷರ ಗೊತ್ತು. ಆದರೆ ಕೀಲಿಮಣೆಯ ಮೇಲೆ ಅಕ್ಷರಗಳು ಶಾಲೆಯಲ್ಲಿ ಕಲಿತ ಸಾಲಿನಲ್ಲಿ ಇರಲಿಲ್ಲ. ಯಾರೋ ಗುಂಡಿಯ ಡಬ್ಬಿ ಬೀಳಿಸಿ, ಸಿಕ್ಕಂತೆ ಆರಿಸಿ ಇಟ್ಟ ಹಾಗಿದ್ದವು. ಒಂದೊಂದನ್ನೇ ಹುಡುಕಿ ಒತ್ತಲು ಒಂದು ಬ್ಲೌಸಿನ ಕೈ ಹೊಲಿಯುವಷ್ಟು ಹೊತ್ತಾಯಿತು. ಕೊನೆಯ ಅಕ್ಷರ ಒತ್ತಿದ್ದೇ ಚೀಲದ ತುಂಬ ಬಂಗಾರ! ಬಂಗಾರದ ಕವಚ, ಬಂಗಾರದ ಬೂಟು, ಉರಿಯುವ ಖಡ್ಗ. ಒಂದೊಂದಾಗಿ ತೊಡಿಸಿದೆ. ಭುಜ, ಎದೆ, ಸೊಂಟ, ಎಲ್ಲೂ ಒಂದು ನೂಲು ಹೆಚ್ಚುಕಡಿಮೆ ಇಲ್ಲ. ನನ್ನ ಜನ್ಮದಲ್ಲಿ ಅಂಥ ಫಿಟಿಂಗ್ ನೋಡಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೊಸ ಬಟ್ಟೆ ತೊಡಿಸಿದ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು ನಮ್ಮ ಕಸುಬಿನ ರೂಢಿ. ನಾಲ್ಕು ಹೆಜ್ಜೆ ನಡೆಸಿದೆ. ಐದನೆಯ ಹೆಜ್ಜೆ ಗುಹೆಯೊಳಗೆ ಬಿತ್ತು. ಹಲ್ಲಿ ಬಾಯಿ ತೆರೆಯಿತು. ನಾನು ಹೆದರಿ ತಮ್ಮ ಒತ್ತುತ್ತಿದ್ದ ಕೀಲಿ ಒತ್ತಿದೆ. ಒಂದು ಏಟು. ಇನ್ನೊಂದು ಏಟು. ಮನೆಯಷ್ಟು ದೊಡ್ಡ ಪ್ರಾಣಿ ಮಗ್ಗುಲಾಯಿತು.

ಪರದೆಯ ಮೇಲೆ ಒಂದು ಚೌಕ ಬಂದು ಏನೋ ಕೇಳಿತು. ಇಂಥ ಚೌಕ ಬಂದಾಗ ತಮ್ಮ ಯಾವಾಗಲೂ ಎಡಗಡೆಯ ಗುಂಡಿ ಒತ್ತುವುದನ್ನು ನೋಡಿದ್ದೆ. ಒತ್ತಿದೆ. ಹಳೆಯ ಆಟದ ಮೇಲೆಯೇ ಇದನ್ನು ಉಳಿಸಲೇ ಎಂದು ಅದು ಕೇಳಿತ್ತೆಂದು ಆಮೇಲೆ ತಿಳಿಯಿತು, ಅಷ್ಟರಲ್ಲಿ ಅವನ ಆರು ವಾರ ಅಳಿಸಿ, ನನ್ನ ಎರಡು ಏಟು ಅಲ್ಲಿ ಕೂತಿತ್ತು. ಊರಿನ ರಾಜ ಬಂದು ಡೊಳ್ಳು ಬಾರಿಸುತ್ತ ವೀರನಿಗೆ ಹಾರ ಹಾಕತೊಡಗಿದ. ಡೊಳ್ಳಿಗೆ ತಮ್ಮ ಎದ್ದಾನೆಂದು ಗೋಡೆಯ ಬಟನ್ನನ್ನೇ ಆರಿಸಿಬಿಟ್ಟೆ. ಚೀಟಿಯನ್ನು ಮೊದಲಿನಂತೆ ಮೇಜಿನ ಕಾಲಿಗೆ ಕೊಟ್ಟೆ. ಪೂಜೆಗೆ ಕೂತ ಹತಾರವನ್ನು ಎತ್ತಿ ಜೀವ ತೆಗೆದಿದ್ದೆ, ಅದೂ ನವಮಿಯ ದಿನ.

ಸ್ವಲ್ಪ ಹೊತ್ತಿಗೆ ಗೆಳೆಯ ಬಂದ. ತಮ್ಮ ಮಲಗಿದ್ದಾನೆಂದೆ. ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತು ಎರಡು ಹೋಳಿಗೆ ತಿಂದು, ಏನನ್ನೂ ಮುಟ್ಟದೆ ಹೋದ.

ಮರುದಿನ ದಶಮಿ. ಅಪ್ಪ ಹತಾರಗಳನ್ನು ಪೂಜೆಯಿಂದ ಎತ್ತಿದ. ತಮ್ಮ ಕುಂಟುತ್ತ ಬಂದು ಕಂಪ್ಯೂಟರ್ ಹಚ್ಚಿದ. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ಆ ದಾರ ಸೂಜಿಯ ಸುತ್ತ ಎಲ್ಲ ಕಡೆ ಹೋಯಿತು, ಕಣ್ಣಿನೊಳಗೊಂದು ಬಿಟ್ಟು. ಬಂಗಾರ ತೊಟ್ಟ ವೀರ, ಸತ್ತ ಹಲ್ಲಿ, ಡೊಳ್ಳು. ತಮ್ಮ ಕಿರುಚುತ್ತಾನೆಂದುಕೊಂಡಿದ್ದೆ. ಅವನು ಸುಮ್ಮನೆ ಪ್ಲಾಸ್ಟರಿನ ಮೇಲೆ ಕೈಯಿಟ್ಟುಕೊಂಡು ಕೂತ. ಆ ಎರಡು ತಿಂಗಳಲ್ಲಿ ಮೊದಲ ಸಲ ಅವನು ಕಾಲು ಮುರಿದವನಂತೆ ಕಂಡ.

"ನಿನ್ನೆ ಯಾರ್ ಬಂದಿದ್ರು?" ಎಂದು ಕೇಳಿದ.

"ನಿನ್ನ ಗೆಳೆಯ ಬಂದಿದ್ದ," ಎಂದೆ. "ಕುರ್ಚ್ಯಾಗ ಕುಂತಿದ್ದ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಿಜ ಹೇಳಿ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ನನಗೆ ಗೊತ್ತಾದದ್ದು ಅಂದೇ.

ಸಂಜೆ ಎಲ್ಲರೂ ಬನ್ನಿ ಕೊಡಲು ಹೊರಟರು. ನಮ್ಮ ಕಡೆ ದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಕೈಗೆ ಕೊಟ್ಟು, ವರ್ಷದ ಜಗಳವನ್ನೆಲ್ಲ ಮರೆಯುತ್ತಾರೆ. ಗೋಡೆಗಾಗಿ ಕೋರ್ಟಿಗೆ ಹೋದವರೂ ಅಂದು ಕೊಟ್ಟ ಬನ್ನಿಯನ್ನು ಬೇಡ ಎನ್ನುವುದಿಲ್ಲ. ಗೆಳೆಯ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ.

"ತಗೋಲೇ, ಬನ್ನಿ ತಗೊಂಡು ಬಂಗಾರದಂಗ ಇರೂಣು."

ತಮ್ಮ ಕೈ ಚಾಚಲಿಲ್ಲ. "ನಿನ್ನೆ ಕೊಟ್ಟಿಯಲ್ಲ ಬಂಗಾರ, ಮೈತುಂಬ. ಸಾಕು."

"ಏನ್ ಬಂಗಾರ?"

"ಹೋಳಿಗಿ ತಿಂದ ಮನಿಯಾಗ ಕಳ್ಳತನ ಮಾಡಾಂವ. ಹೋಗು."

ಗೆಳೆಯ ಎಲೆ ಹಿಡಿದ ಕೈಯನ್ನು ಹಾಗೇ ಮುಂದಿಟ್ಟುಕೊಂಡು ನಿಂತ. ನನ್ನ ಕಡೆ ನೋಡಿದ, ಅವ್ವನ ಕಡೆ ನೋಡಿದ. ಆಮೇಲೆ ತಿರುಗಿ ಹೋದ. ಅವ್ವ ಎದೆ ಹಿಡಿದುಕೊಂಡಳು. "ಬನ್ನಿ ಒಲ್ಲೆ ಅಂದ್ಯಲ್ಲೋ! ನಿನ್ನ ಹೊತ್ತು ತಂದ ಬೆನ್ನು ಅದು!"

ನಾನು ನೀರಿನ ಕೊಡ ಎತ್ತಿಕೊಂಡು ನಲ್ಲಿಯ ನೆಪ ಮಾಡಿ ಓಡಿದೆ. ಗೆಳೆಯ ಸಾಲಿನ ಕೊನೆಯಲ್ಲಿ ಸಿಕ್ಕ. ಉಸಿರು ಬಿಡದೆ ಎಲ್ಲ ಹೇಳಿದೆ: ಜಂಗು, ಅವ್ವನ ಮಾತು, ಚೀಟಿ, ಐದನೆಯ ಹೆಜ್ಜೆ. ಅವನು ಮೊದಲು ಕಣ್ಣು ಅರಳಿಸಿದ, ಆಮೇಲೆ ನಲ್ಲಿಯ ಕಟ್ಟೆ ಹಿಡಿದು ನಕ್ಕ.

"ನೀವ ಹೊಡದ್ರಿ ಅಕ್ಕಾರ? ಆ ಹಲ್ಲೀನ?"

"ನಗಬ್ಯಾಡೋ. ಈಗ ಬಂದು ಹೇಳ್ತೇನಿ ನಡಿ."

ಅವನು ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದ. "ಬ್ಯಾಡ್ರಿ. ದಿನಾ ಅವನ ಸ್ನಾನ, ಊಟ ನಿಮ್ಮ ಕೈಯಾಗ ಐತಿ. ನಿಮ್ಮ ಕೂಡ ಮಾತ ಬಿಟ್ರ ಅಂವ ಬಿದ್ದಲ್ಲೆ ಬೀಳ್ತಾನ. ನಾನಾದ್ರ ಹೊರಗಿನಂವ. ಬೈಸಿಕೊಂಡು ಮನಿಗೆ ಹೋಗ್ತೇನಿ."

ಹಾಗಾಗಬಾರದು ಎನ್ನಬೇಕಿತ್ತು. ನಾನು ಅಂದದ್ದು, "ಹಂಗಂತೀಯಾ?"

ಅವನು ವಾಪಸು ಹೋಗಿ, "ತಪ್ಪಾತಲೇ, ನಾನ ಮಾಡಿದ್ದು," ಎಂದ. ತಮ್ಮ ಬನ್ನಿ ತೆಗೆದುಕೊಂಡ, ಆದರೆ ಶಿಕ್ಷೆ ವಿಧಿಸಿ. ಆಟವನ್ನು ಮೊದಲಿನಿಂದ ಶುರುಮಾಡುತ್ತಾನೆ, ಮತ್ತೆ ಹಲ್ಲಿ ಸಾಯುವವರೆಗೆ ಗೆಳೆಯ ದಿನಾ ಸಂಜೆ ಬಂದು ಪಕ್ಕದಲ್ಲಿ ಕೈಕಟ್ಟಿ ಕೂಡ್ರಬೇಕು. ಏನನ್ನೂ ಮುಟ್ಟುವಂತಿಲ್ಲ.

ಕೊಡ ತುಂಬಿಸದೆ ಖಾಲಿಯೇ ಹಿಡಿದು ನಾನು ಒಳಗೆ ಬಂದೆ. ಇಲಿಯನ್ನೂ ಕೊಲ್ಲದೆ ನನಗೆ ಕ್ಷಮೆ ಸಿಕ್ಕಿತ್ತು, ಮೈಗೆ ಸರಿಯಾಗಿಯೂ ಕೂತಿತ್ತು.

ಮುಂದೆ ಐದು ವಾರ ಇದೇ ನಡೆಯಿತು. ಹರಕು ಅಂಗಿ, ಜಂಗು ಖಡ್ಗ, ಮೊದಲ ಇಲಿ. ತಮ್ಮ ಒಂದೊಂದು ಪೆಟ್ಟಿಗೆ ದಾಟುವಾಗಲೂ ಗೆಳೆಯನಿಗೆ ಚುಚ್ಚುತ್ತಿದ್ದ. "ನೋಡ್ ಕಳ್ಳಾ, ಕವಚ ಐತಿ. ಬಾಯಾಗ ನೀರು ಬಂತೇನು?" ಗೆಳೆಯ ಕೈಕಟ್ಟಿಕೊಂಡು, "ಬಂತಪಾ," ಎನ್ನುತ್ತಿದ್ದ. ನಾನು ಅವನಿಗೆ ಚಹಾದಲ್ಲಿ ಸಕ್ಕರೆ ಹೆಚ್ಚು ಹಾಕುತ್ತಿದ್ದೆ. ಅವನ ಅಂಗಿಯ ಕಾಲರ್ ತಿರುಗಿಸಿ ಹೊಲಿದುಕೊಟ್ಟೆ. ಅವನ ಅಕ್ಕನ ಎರಡು ಬ್ಲೌಸನ್ನು ಕೇಳದೆಯೇ ಹೊಲಿದೆ. "ಇಂಥಾ ಕಳ್ಳಗ ಇಷ್ಟ ಉಪಚಾರ ಯಾಕ ಅಕ್ಕಾ?" ಎಂದು ತಮ್ಮ ಕೇಳಿದರೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದೆ. ಒಂದು ದಿನ ಗೆಳೆಯನಿಗೆ ಜ್ವರ. ಆದರೂ ಬಂದು ಕೂತ. ಆ ದಿನ ನಿಜ ಹೇಳಲು ಬಾಯಿ ತೆರೆದೆ. ಗೆಳೆಯ ತಲೆ ಅಲ್ಲಾಡಿಸಿ, "ಅಕ್ಕಾರ, ಚಹಾಕ್ಕ ಶುಂಠಿ ಹಾಕ್ರಿ," ಎಂದ. ಬಾಯಿ ಮುಚ್ಚಿ ಶುಂಠಿ ಜಜ್ಜಿದೆ.

ಪ್ಲಾಸ್ಟರ್ ತೆಗೆದ ವಾರ ತಮ್ಮ ಮತ್ತೆ ಗುಹೆ ಹೊಕ್ಕ. ಅವ್ವನೂ ರೊಟ್ಟಿ ಬಿಟ್ಟು ಬಂದು ನಿಂತಳು. ಜಂಗು ಖಡ್ಗದ ಏಟು ಹಲ್ಲಿಗೆ ಸೊಳ್ಳೆ ಕಚ್ಚಿದಂತೆ. ಓಡಿ, ಬಂಡೆಯ ಹಿಂದೆ ಅಡಗಿ, ಬಂದು ಒಂದು ಏಟು, ಮತ್ತೆ ಓಟ. ಗೆಳೆಯ ಕೈಕಟ್ಟಿಕೊಂಡೇ ಕೂಗುತ್ತಿದ್ದ, "ಎಡಕ್ಕಲೇ, ಎಡಕ್ಕ!" ನನ್ನ ಚಹಾ ಒಲೆಯ ಮೇಲೇ ಉಳಿಯಿತು. ಕೊನೆಗೂ ಹಲ್ಲಿ ಮಗ್ಗುಲಾಯಿತು. ಅವ್ವ, "ಸತ್ತಿತ್ ಮೂಳಾ!" ಎಂದು ಚಪ್ಪಾಳೆ ತಟ್ಟಿದಳು. ಇಬ್ಬರೂ ಗೆಳೆಯರು ಒಬ್ಬರನ್ನೊಬ್ಬರು ಗುದ್ದಾಡಿಕೊಂಡರು. ಐದು ವಾರದ ಶಿಕ್ಷೆ ಮುಗಿದಿತ್ತು.

ಹಲ್ಲಿಯ ಪಕ್ಕದಲ್ಲಿ ಒಂದು ಪೆಟ್ಟಿಗೆ ಬಿದ್ದಿತ್ತು. ತೆರೆದರೆ ಅದೇ ಉರಿಯುವ ಖಡ್ಗ. ತಮ್ಮ ಅದನ್ನು ನೋಡಿ ನಕ್ಕು, ಮುಟ್ಟದೆ ಬಿಟ್ಟ. ನಕ್ಕ ಮುಖದಲ್ಲೇ ಗೆಳೆಯನ ಕಡೆ ತಿರುಗಿದ.

"ಅಂದಂಗ, ಅವತ್ತು ಈ ಖಡ್ಗಲೇ ಹೊಡದ್ಯಲ್ಲ, ಎಷ್ಟ ಏಟಿಗೆ ಬಿತ್ತು?"

ಗೆಳೆಯನಿಗೆ ಹೇಗೆ ಗೊತ್ತಿರಬೇಕು? ಅವನು ಕೊಂದಿರಲೇ ಇಲ್ಲ, ನಾನೂ ಆ ಲೆಕ್ಕ ಹೇಳಿರಲಿಲ್ಲ. ಅವನು ತಲೆ ಕೆರೆದು, "ಒಂದ್ ಹದಿನೈದು ಬಿದ್ದಿರಬೇಕು ತಗೋ," ಎಂದ.

"ಎರಡು," ಎಂದೆ ನಾನು.

ಪಶ್ಚಾತ್ತಾಪದಿಂದ ಅಂದದ್ದಲ್ಲ. ಇದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಹದಿನೈದು ಎಂದದ್ದನ್ನು ನನಗೆ ಸಹಿಸಲಾಗಲಿಲ್ಲ. ನನ್ನ ಕೈಯ ಕೆಲಸವನ್ನು ಯಾರೋ ಕೆಡಿಸಿ ಹೇಳಿದಂತಾಯಿತು.

ತಮ್ಮ ಮೊದಲು ನನ್ನನ್ನು ನೋಡಿದ. ಆಮೇಲೆ ಮೇಜಿನ ಕಾಲಿನ ಕೆಳಗಿದ್ದ ಚೀಟಿಯನ್ನು. ಅದರ ಒಂದು ಮಡಿಕೆಯ ಮೇಲೆ ಹೋಳಿಗೆಯ ತುಪ್ಪ ಹತ್ತಿದ ನನ್ನ ಹೆಬ್ಬೆಟ್ಟಿನ ಗುರುತು ಇಷ್ಟು ದಿನ ಎಲ್ಲರ ಕಣ್ಣೆದುರಿಗೇ ಇತ್ತು. ಆಮೇಲೆ ಗೆಳೆಯನನ್ನು. ಗೆಳೆಯ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.

"ಆಟ ಹಾಳಾಗಿದ್ದಕ್ಕ ಏನಿಲ್ಲ ಬಿಡು," ಎಂದ ತಮ್ಮ, ತುಂಬ ಮೆಲ್ಲಗೆ. "ಐದು ವಾರ ಇವಗ ಕಳ್ಳ ಕಳ್ಳ ಅಂದೆ. ನೀ ಇಲ್ಲೇ ಕುಂತು ಗುಂಡಿ ಹಚಗೋತ ಕೇಳಿದಿ."

ಒಳಗೆ ಚಹಾ ಉಕ್ಕಿದ ವಾಸನೆ ಬಂತು, ಯಾರೂ ಏಳಲಿಲ್ಲ. "ನೀನ ಹೊಡದ್ಯಾ?" ಎಂದು ಅವ್ವ ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಅವಳ ದನಿಯಲ್ಲಿ ಬೈಗುಳ ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು, ಅದು ನನಗೆ ಇನ್ನೂ ನಾಚಿಕೆ ತಂದಿತು.

ತಮ್ಮ ಗೋಡೆ ಹಿಡಿದು ಎದ್ದ. ಪ್ಲಾಸ್ಟರಿನಿಂದ ಬಂದ ಕಾಲು ಇನ್ನೊಂದರ ಅರ್ಧ ದಪ್ಪವಿತ್ತು. ಕುರ್ಚಿಯನ್ನು ನನ್ನ ಕಡೆ ತಳ್ಳಿದ.

"ಕುಂದ್ರು."

ಕೂತೆ. ಅವನು ಬಗ್ಗಿ ಆಟವನ್ನು ಮೊದಲಿನಿಂದ ಹಚ್ಚಿದ. ಹರಕು ಅಂಗಿ, ಜಂಗು ಖಡ್ಗ. ಎದುರಿನಿಂದ ಒಂದು ಇಲಿ ಬಂತು. ಎರಡು ಏಟಿಗೆ ಹಲ್ಲಿ ಕೊಂದವಳು ನಾನು, ಆ ಇಲಿ ನನ್ನನ್ನು ಮೂರು ಸಲ ಕೊಂದಿತು. ಗೆಳೆಯ ಕಟ್ಟಿದ ಕೈ ಬಿಚ್ಚಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಮ್ಮ ನಗಲಿಲ್ಲ, ಕುರ್ಚಿಯ ಹಿಂದೆ ನಿಂತೇ ಇದ್ದ.

ನಾಲ್ಕನೆಯ ಸಲಕ್ಕೆ ಇಲಿ ಸತ್ತಿತು. ಅದರ ಹೊಟ್ಟೆಯಿಂದ ಬೂಟು ಬಿತ್ತು, ಹಳೆಯದು, ಹೆಬ್ಬೆರಳಿನ ಜಾಗದಲ್ಲಿ ತೂತು ಬಿದ್ದದ್ದು. ತೆಗೆದುಕೊಳ್ಳಬಹುದೇ ಎಂದು ತಿರುಗಿ ತಮ್ಮನ ಮುಖ ನೋಡಿದೆ.

"ಹಾಕ್ಕೋ," ಎಂದ. "ಇನ್ನ ಭಾಳ ದೂರ ಐತಿ. ನಾಳೆ ಸಂಜಿಗೆ ಇವನೂ ಬರ್ತಾನ, ನಿನ್ನ ಬೈಯಾಕ."